‘ಕೆಜಿಎಫ್ ಚಾಪ್ಟರ್ 2’: ಗಳಿಕೆಯ ಅಬ್ಬರ, ಉತ್ತರ ಸಿಗದ ಆಕ್ಷೇಪಗಳು

‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಹಿಂದಿ ಅವತರಣಿಕೆ 2022ರ ಏಪ್ರಿಲ್ 14ರಂದು, ಬಿಡುಗಡೆಯಾದ ಮೊದಲ ದಿನವೇ, ಸುಮಾರು 54 ಕೋಟಿ ರೂಪಾಯಿ ನಿವ್ವಳ ಗಳಿಕೆ ಕಂಡಿತು. ಮೊದಲ ಭಾಗ ಹಿಂದಿಯಲ್ಲಿ ಓಡಿದಷ್ಟು ದಿನವೂ ಓಡಿ ಗಳಿಸಿದ್ದು ಸುಮಾರು 44 ಕೋಟಿ ಮಾತ್ರ. ಎರಡನೇ ಭಾಗಕ್ಕೆ ದೊರೆತ ಸ್ವಾಗತದ ಗುಟ್ಟು ಈ ಎರಡು ಅಂಕಿಗಳ ನಡುವಿನ ಮೂರು ವರ್ಷ ನಾಲ್ಕು ತಿಂಗಳಲ್ಲಿ ಅಡಗಿದೆ. ಬಿಡುಗಡೆಯ ವಾರದ ವಿಮರ್ಶೆಗಳನ್ನಷ್ಟೇ ಓದಿದರೆ ಅದು ತಿಳಿಯುವುದಿಲ್ಲ.

ಪ್ರಶಾಂತ್ ನೀಲ್ ನಿರ್ದೇಶನದಲ್ಲಿ ಹೊಂಬಾಳೆ ಫಿಲ್ಮ್ಸ್ ನಿರ್ಮಿಸಿದ ಮೊದಲ ಭಾಗ 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ತೆರೆಕಂಡಿತು. ಹೊರಗಿನಿಂದ ಬರುವ ಡಬ್ಬಿಂಗ್ ಚಿತ್ರಗಳನ್ನು ದಶಕಗಳ ಕಾಲ ತಡೆದಿದ್ದ, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೂ ಅವುಗಳನ್ನು ಒಲ್ಲದ ಮನಸ್ಸಿನಿಂದಲೇ ನೋಡುತ್ತಿದ್ದ ಕನ್ನಡ ಚಿತ್ರರಂಗ, ಡಬ್ಬಿಂಗ್‌ನ ಬಲದಿಂದಲೇ ಹೊರಗೆ ದೊಡ್ಡ ಗೆಲುವು ಕಂಡದ್ದು ಗಮನಿಸಬೇಕಾದ ಸಂಗತಿ. ಅದೇ ದಿನ ಶಾರುಖ್ ಖಾನ್ ಅವರ ‘ಝೀರೋ’ ಕೂಡ ಬಿಡುಗಡೆಯಾದ್ದರಿಂದ ಉತ್ತರದ ದೊಡ್ಡ ಪರದೆಗಳೆಲ್ಲ ಅದರ ಪಾಲಾಗಿದ್ದವು. ಕಥನ ಚೂರುಚೂರಾಗಿದೆ, ನಾಯಕನ ಗುಣಗಾನ ಅತಿಯಾಯಿತು ಎಂದು ವಿಮರ್ಶಕರು ಆಗಲೇ ಹೇಳಿದ್ದರು. ಆದರೂ ಭುವನ್ ಗೌಡರ ಛಾಯಾಗ್ರಹಣ, ರವಿ ಬಸ್ರೂರರ ಸಂಗೀತ ಮತ್ತು ಗಣಿಯ ಕರಾಳ ಲೋಕವನ್ನು ಕಟ್ಟಿದ ಬಗೆಯನ್ನು ಎಲ್ಲರೂ ಒಪ್ಪಿದರು. ಚಿತ್ರಕ್ಕೆ ಸಾಹಸ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ರಾಷ್ಟ್ರಪ್ರಶಸ್ತಿಗಳೂ ಬಂದವು.

ಚಿತ್ರಮಂದಿರದಲ್ಲಿ ಅದನ್ನು ನೋಡದ ಹಿಂದಿ ಪ್ರೇಕ್ಷಕರು ಮುಂದಿನ ವರ್ಷಗಳಲ್ಲಿ ಟಿವಿಯಲ್ಲಿ, ಮೊಬೈಲ್‌ನಲ್ಲಿ ಮತ್ತೆಮತ್ತೆ ನೋಡಿದರು. ದಕ್ಷಿಣದ ಸಾಹಸ ಚಿತ್ರಗಳ ಡಬ್ಬಿಂಗ್ ಆವೃತ್ತಿಗಳನ್ನು ಟಿವಿಯಲ್ಲಿ ನೋಡುವ ಅಭ್ಯಾಸ ಉತ್ತರದಲ್ಲಿ ಮೊದಲೇ ಬೇರೂರಿತ್ತು. ಯಶ್ ಅಭಿನಯದ ನಾಯಕ ರಾಕಿ ಆ ದಾರಿಯಲ್ಲೇ ಮನೆಮನೆ ಹೊಕ್ಕ. ಮೊದಲ ಭಾಗ ಖಳನಾಯಕ ಗರುಡನ ಸಾವಿನೊಂದಿಗೆ ನಡುವಿನಲ್ಲೇ ನಿಂತದ್ದರಿಂದ ಮುಂದೇನಾಗುತ್ತದೆ ಎಂಬ ಕುತೂಹಲ ಆರಲಿಲ್ಲ. ಹೊಸ ಖಳನಾಯಕ ಅಧೀರನಾಗಿ ಸಂಜಯ್ ದತ್, ಪ್ರಧಾನಿ ರಮಿಕಾ ಸೇನ್ ಆಗಿ ರವೀನಾ ಟಂಡನ್ ಬರುತ್ತಾರೆ ಎಂದಾಗ ಆ ಕುತೂಹಲಕ್ಕೆ ಹಿಂದಿಯ ಪರಿಚಿತ ಮುಖಗಳೂ ಸೇರಿಕೊಂಡವು.

2020ರ ಅಕ್ಟೋಬರ್ 23ಕ್ಕೆ ನಿಗದಿಯಾಗಿದ್ದ ಬಿಡುಗಡೆಯನ್ನು ಕೊರೊನಾ ಮುಂದೂಡಿತು. ಆ ನಡುವೆ ಸಂಜಯ್ ದತ್ ಕ್ಯಾನ್ಸರ್ ಚಿಕಿತ್ಸೆ ಪಡೆದು ಚಿತ್ರೀಕರಣಕ್ಕೆ ಮರಳಿದರು. ನಂತರ ಗೊತ್ತಾದ 2021ರ ಜುಲೈ 16ರ ದಿನಾಂಕವೂ ಕೈತಪ್ಪಿತು. ಸಾಮಾನ್ಯವಾಗಿ ಇಂಥ ವಿಳಂಬ ಚಿತ್ರದ ಬಿಸಿ ಆರಿಸುತ್ತದೆ, ಇಲ್ಲಿ ಆದದ್ದು ಅದರ ತದ್ವಿರುದ್ಧ. ಯಶ್ ಹುಟ್ಟುಹಬ್ಬದ ಮುನ್ನಾದಿನ, 2021ರ ಜನವರಿ 7ರ ರಾತ್ರಿ, ಸೋರಿಕೆಯ ಕಾರಣದಿಂದ ಅವಸರದಲ್ಲಿ ಹೊರಬಂದ ಟೀಸರ್ ಯೂಟ್ಯೂಬ್‌ನಲ್ಲಿ ವೀಕ್ಷಣೆಯ ದಾಖಲೆ ಬರೆಯಿತು. ಅದರಲ್ಲಿ ರಾಕಿ ಮೆಷಿನ್ ಗನ್‌ನಿಂದ ಗುಂಡಿನ ಮಳೆಗರೆದು, ಕೆಂಪಗೆ ಕಾದ ಅದರ ನಳಿಗೆಯಿಂದಲೇ ಸಿಗರೇಟು ಹಚ್ಚಿಕೊಳ್ಳುತ್ತಾನೆ. ತಂಬಾಕು ನಿಯಂತ್ರಣದ ಅಧಿಕಾರಿಗಳು ಆ ದೃಶ್ಯಕ್ಕಾಗಿ ಯಶ್ ಅವರಿಗೆ ನೋಟಿಸ್ ಕೊಟ್ಟಿದ್ದೂ ಸುದ್ದಿಯಾಯಿತು.

ಚಿತ್ರದ ಬಲ ಮತ್ತು ದೌರ್ಬಲ್ಯ ಎರಡನ್ನೂ ಆ ಒಂದು ದೃಶ್ಯದಲ್ಲೇ ಕಾಣಬಹುದು. ಪೊಲೀಸರು ವಶಪಡಿಸಿಕೊಂಡ ಒಂದು ಸಣ್ಣ ಚಿನ್ನದ ಗಟ್ಟಿಗಾಗಿ ರಾಕಿ ‘ದೊಡ್ಡಮ್ಮ’ ಎಂಬ ಹೆಸರಿನ ಆ ಗನ್ನನ್ನು ಹೊತ್ತು ತಂದು ಠಾಣೆಯನ್ನೇ ಪುಡಿಗಟ್ಟುತ್ತಾನೆ. ಸದ್ದು, ಹೊಗೆ, ಚಿಮ್ಮುವ ಲೋಹದ ನಡುವೆ ಯಶ್ ಮುಖದ ನಿರಾಳತೆ ಪ್ರೇಕ್ಷಕನನ್ನು ಕುರ್ಚಿಯ ಅಂಚಿಗೆ ತರುತ್ತದೆ. ಆದರೆ ಅಷ್ಟು ದೊಡ್ಡ ದಾಳಿಗೆ ತಕ್ಕ ಪರಿಣಾಮ ಕಥೆಯಲ್ಲಿ ಎಲ್ಲಿ ಎಂದು ಕೇಳಿದರೆ ಚಿತ್ರ ಬೇಗಬೇಗನೆ ಮುಂದಿನ ದೃಶ್ಯಕ್ಕೆ ಜಾರಿಕೊಳ್ಳುತ್ತದೆ.

ವಿಮರ್ಶೆಗಳು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿದ್ದವು. ಯಶ್ ಅಭಿನಯ, ದೃಶ್ಯವೈಭವ, ರವೀನಾ ಅವರ ಗಾಂಭೀರ್ಯಕ್ಕೆ ಮೆಚ್ಚುಗೆ ಸಿಕ್ಕಿತು. ಬಿಡುವಿಲ್ಲದ ಅಬ್ಬರ, ಮಾತಿಗೊಂದು ಪಂಚ್, ಪೊಳ್ಳಾದ ಪಾತ್ರಗಳು ಟೀಕೆಗೆ ಗುರಿಯಾದವು. ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಉಜ್ವಲ್ ಕುಲಕರ್ಣಿ ಅವರ ಸಂಕಲನದ ಬಗ್ಗೆ ಅಭಿಪ್ರಾಯಗಳು ಸೀಳಿಹೋದವು: ಕಾರಿನ ಬೆನ್ನಟ್ಟುವಿಕೆಯಲ್ಲಿ ಪರದೆ ಕ್ಷಣಕ್ಷಣಕ್ಕೂ ಕಪ್ಪಾಗುವ ತಂತ್ರ ಕೆಲವರಿಗೆ ಹೊಸತೆನಿಸಿದರೆ ಕೆಲವರಿಗೆ ಕಣ್ಣಿಗೆ ತ್ರಾಸವಾಯಿತು. ಕನ್ನಡಿಗರಿಗೆ ಮಾತ್ರ ಗೊತ್ತಾಗುವ ಕೊರತೆಯೊಂದಿತ್ತು. ಮೊದಲ ಭಾಗವನ್ನು ಹೊತ್ತು ನಡೆದಿದ್ದ ಅನಂತ್ ನಾಗ್ ಅವರ ದನಿಯ ಜಾಗದಲ್ಲಿ ಪ್ರಕಾಶ್ ರಾಜ್ ಕಥೆ ಹೇಳಿದರು. ಪ್ರಕಾಶ್ ರಾಜ್ ನುರಿತ ನಟರೇ ಆದರೂ, ಅನಂತ್ ನಾಗ್ ಅವರ ಪಾತ್ರವಾದ ಆನಂದ್ ಇಂಗಳಗಿಯ ಆ ತಣ್ಣನೆಯ, ಹಳೆಯ ಪತ್ರಕರ್ತನ ಲಯ ಮರಳಲಿಲ್ಲ.

ಎಲ್ಲಕ್ಕಿಂತ ತೂಕದ ಆಕ್ಷೇಪ ನಾಯಕಿ ರೀನಾ ಪಾತ್ರದ ಕುರಿತಾದದ್ದು. ಮೊದಲ ಭಾಗದಿಂದಲೂ ನಾಯಕನ ಬಲವಂತದ ಒಲವಿಗೆ ಗುರಿಯಾದ ಆಕೆಗೆ ಎರಡನೇ ಭಾಗದಲ್ಲೂ ಸ್ವಂತ ಬದುಕಿಲ್ಲ. ಅವಳ ಸಾವು ಕೂಡ ನಾಯಕನ ಕೋಪಕ್ಕೆ ಬೇಕಾದ ಇಂಧನ ಮಾತ್ರ. ತಾಯಿಯ ಮಾತನ್ನೇ ಉಸಿರಾಗಿಸಿಕೊಂಡ ನಾಯಕನ ಚಿತ್ರದಲ್ಲಿ ಇದು ಸಣ್ಣ ಲೋಪವಲ್ಲ ಎಂದೇ ನಾನು ಈಗಲೂ ನಂಬಿದ್ದೇನೆ.

ಈ ಮಾತುಗಳು ಗಳಿಕೆಯ ಸದ್ದಿನಲ್ಲಿ ಮುಳುಗಿಹೋದವು. ಬಿಡುಗಡೆಯ ಗುರುವಾರ ಅಂಬೇಡ್ಕರ್ ಜಯಂತಿ, ಮರುದಿನ ಗುಡ್ ಫ್ರೈಡೆ ಮತ್ತು ವಿಷು. ನಾಲ್ಕು ದಿನಗಳ ದೀರ್ಘ ವಾರಾಂತ್ಯ. ಅದೇ ದಿನಾಂಕಕ್ಕೆ ಬರಬೇಕಿದ್ದ ಆಮಿರ್ ಖಾನ್ ಅವರ ‘ಲಾಲ್ ಸಿಂಗ್ ಚಡ್ಡಾ’ ಆಗಸ್ಟ್‌ಗೂ, ಶಾಹಿದ್ ಕಪೂರ್ ಅವರ ‘ಜರ್ಸಿ’ ಒಂದು ವಾರ ಆಚೆಗೂ ಸರಿದವು. ಸುಮಾರು 100 ಕೋಟಿ ವೆಚ್ಚದ ಈ ಚಿತ್ರ ಜಗತ್ತಿನಾದ್ಯಂತ 1,200 ಕೋಟಿ ರೂಪಾಯಿ ಆಸುಪಾಸಿನ ಒಟ್ಟು ಗಳಿಕೆ ಕಂಡು, ‘ದಂಗಲ್’, ‘ಬಾಹುಬಲಿ 2’, ‘ಆರ್‌ಆರ್‌ಆರ್’ ನಂತರ ಸಾವಿರ ಕೋಟಿ ದಾಟಿದ ನಾಲ್ಕನೇ ಭಾರತೀಯ ಚಿತ್ರವಾಯಿತು. ಹಿಂದಿಯ ನಿವ್ವಳ ಗಳಿಕೆಯೇ ಸುಮಾರು 434 ಕೋಟಿ.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಟಿಕೆಟ್ ಮಾರಾಟದ ಪೂರ್ತಿ ಮೊತ್ತ ಗ್ರಾಸ್. ಅದರಲ್ಲಿ ಜಿಎಸ್‌ಟಿ ಕಳೆದರೆ ನೆಟ್. ಚಿತ್ರಮಂದಿರದ ಪಾಲು ಹೋಗಿ ವಿತರಕನಿಗೆ ಉಳಿಯುವುದು ಷೇರ್. ಪೋಸ್ಟರ್‌ನಲ್ಲಿ ಮಿಂಚುವ ಅಂಕಿ ಹೆಚ್ಚಾಗಿ ಗ್ರಾಸ್ ಆಗಿರುತ್ತದೆ, ನಿರ್ಮಾಪಕನ ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ. ನಮ್ಮಲ್ಲಿ ಹಿಂದೆ ಗೆಲುವನ್ನು ಅಳೆಯುತ್ತಿದ್ದದ್ದು ದಿನಗಳಲ್ಲಿ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದನ್ನು ಜನ ಇಂದಿಗೂ ನೆನೆಯುತ್ತಾರೆ, ಅದರ ಗಳಿಕೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಚಾಪ್ಟರ್ 2 ತೆರೆಕಂಡ ಏಳು ವಾರಗಳ ಬಳಿಕ, ಜೂನ್ 3ಕ್ಕೆ, ಪ್ರೈಮ್ ವಿಡಿಯೊ ಚಂದಾದಾರರೆಲ್ಲರ ಮನೆಯಲ್ಲಿತ್ತು. ಶತದಿನೋತ್ಸವದ ಲೆಕ್ಕಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಈ ಗೆಲುವು ಭಾಷೆಯ ಚರ್ಚೆಯನ್ನೂ ಎಬ್ಬಿಸಿತು. ಕನ್ನಡದಲ್ಲಿ ಪ್ಯಾನ್ ಇಂಡಿಯಾ ಚಿತ್ರ ಮಾಡಲಾಗಿದೆ ಎಂಬ ಹೊಗಳಿಕೆಯನ್ನು ತಿದ್ದುತ್ತಾ, ಹಿಂದಿ ಇನ್ನು ರಾಷ್ಟ್ರಭಾಷೆಯಲ್ಲ ಎಂಬರ್ಥದ ಮಾತನ್ನು ಸುದೀಪ್ ಆಡಿದರು. ಅಜಯ್ ದೇವಗನ್ ಏಪ್ರಿಲ್ 27ರಂದು ಅದಕ್ಕೆ ಹಿಂದಿಯಲ್ಲೇ ಟ್ವೀಟ್ ಮಾಡಿ ಆಕ್ಷೇಪಿಸಿದಾಗ ರಾಜಕೀಯ ನಾಯಕರೂ ದನಿಗೂಡಿಸಿದರು. ಸಂವಿಧಾನದಲ್ಲಿ ರಾಷ್ಟ್ರಭಾಷೆ ಎಂಬುದೇ ಇಲ್ಲ ಎಂಬ ಸರಳ ಸತ್ಯವನ್ನು ಒಂದು ಸಾಹಸ ಚಿತ್ರದ ನೆಪದಲ್ಲಿ ದೇಶಕ್ಕೆ ಮತ್ತೆ ನೆನಪಿಸಬೇಕಾಯಿತು.

2024ರ ಆಗಸ್ಟ್‌ನಲ್ಲಿ ಪ್ರಕಟವಾದ 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಚಾಪ್ಟರ್ 2 ಅತ್ಯುತ್ತಮ ಕನ್ನಡ ಚಿತ್ರ ಮತ್ತು ಸಾಹಸ ನಿರ್ದೇಶನದ ಗೌರವ ಪಡೆಯಿತು. ಸಾಹಸಕ್ಕೆ ಸಂದ ಪ್ರಶಸ್ತಿಗೆ ಅನ್ಬರಿವ್ ಜೋಡಿ ಸಂಪೂರ್ಣ ಅರ್ಹರು. ಆದರೆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಎಂಬ ಆಯ್ಕೆಯನ್ನು ನೋಡಿದಾಗ, ರೀನಾ ಪಾತ್ರದ ಬಗ್ಗೆ ವಿಮರ್ಶಕರು ಕೇಳಿದ್ದ ಪ್ರಶ್ನೆ ತೀರ್ಪುಗಾರರ ಮುಂದೆ ಬಂದಿತ್ತೇ ಎಂಬ ಸಂದೇಹ ನನ್ನಲ್ಲಿ ಉಳಿಯಿತು. ಚಿತ್ರದ ಕೊನೆಯಲ್ಲಿ ಮೂರನೇ ಭಾಗದ ಸುಳಿವಿದೆ. ಆ ಪ್ರಶ್ನೆಗೆ ಉತ್ತರಿಸಲು ಬರಹಗಾರ-ನಿರ್ದೇಶಕರಿಗೆ ಇನ್ನೂ ಅವಕಾಶವಿದೆ.