ಡಿಕಾಯ್: ಬೇಟೆಯ ಬಾತು ಪ್ರದರ್ಶನದ ಮೇಜಿಗೆ ಬಂದಾಗ

ನೀರಿನ ಮೇಲೆ ತೇಲಿಬಿಟ್ಟು, ಆಕಾಶದಲ್ಲಿ ಹಾರುವ ಕಾಡುಬಾತುಗಳನ್ನು ಬಂದೂಕಿನ ಗುರಿಗೆ ಸಿಗುವಷ್ಟು ಹತ್ತಿರ ಇಳಿಸಿಕೊಳ್ಳಲು ಬಳಸುವ ಹುಸಿಬಾತುವೇ ಡಿಕಾಯ್. ಬೇಟೆಗೆಂದು ಒಡ್ಡುವ ಪಳಗಿದ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎನ್ನುತ್ತಿದ್ದರು. ಅಮೆರಿಕದ ಬೇಟೆಗಾರರೂ ಜೀವಂತ ಬಾತುಗಳನ್ನು ಹೀಗೆ ಕಟ್ಟಿಹಾಕುತ್ತಿದ್ದರು. 1935ರಲ್ಲಿ ಅದು ನಿಷೇಧವಾಯಿತು. ಹುಸಿಬಾತು ಮಾತ್ರ ಬಹಳ ಹಳೆಯದು. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಸಿಕ್ಕ, ಜೊಂಡುಹುಲ್ಲಿನಿಂದ ಹೆಣೆದ ಬಾತುಗಳಿಗೆ ಸುಮಾರು 2,000 ವರ್ಷವಾಗಿದೆ.

ಬಾತುಗಳು ಗುಂಪುಜೀವಿಗಳು. ಕೆಳಗೆ ತಮ್ಮವರು ನೆಮ್ಮದಿಯಾಗಿ ಕೂತಿದ್ದರೆ ಅಲ್ಲಿ ಮೇವಿದೆ, ಅಪಾಯವಿಲ್ಲ ಎಂದುಕೊಂಡು ಇಳಿಯುತ್ತವೆ. ಇಳಿಯುವುದು ಗಾಳಿಗೆ ಎದುರಾಗಿ. ಹಾಗಾಗಿ ಡಿಕಾಯ್‌ಗಳನ್ನು ಒತ್ತೊತ್ತಾಗಿ ಬಿಡುವುದಿಲ್ಲ. ಇಳಿಯಲು ಜಾಗ ಬಿಟ್ಟು ಹರಡುತ್ತಾರೆ.

ಮೇರಿಲ್ಯಾಂಡ್‌ನ ಹ್ಯಾವರ್ ಡಿ ಗ್ರೇಸ್ ಎಂಬ ಸಣ್ಣ ಊರು ಈ ಕಸುಬಿಗೆ ಹೆಸರುವಾಸಿ. ಅಲ್ಲಿ ಡಿಕಾಯ್‌ಗೆಂದೇ ಒಂದು ಮ್ಯೂಸಿಯಂ ಇದೆ, ವರ್ಷಕ್ಕೊಮ್ಮೆ ಉತ್ಸವ ನಡೆಯುತ್ತದೆ. ಊರಿನ ಮುಂದೆ, ಸಸ್ಕ್ವೆಹಾನಾ ನದಿ ಚೆಸಾಪೀಕ್ ಕೊಲ್ಲಿಗೆ ಸೇರುವ ಕಡೆ ವಿಶಾಲವಾದ ಆಳವಿಲ್ಲದ ನೀರು. ಅಲ್ಲಿಯ ನೀರುಹುಲ್ಲು ತಿನ್ನಲು ಕ್ಯಾನ್ವಾಸ್‌ಬ್ಯಾಕ್ ಎಂಬ ಮುಳುಗುಬಾತುಗಳು ದೊಡ್ಡ ದೊಡ್ಡ ಗುಂಪಾಗಿ ಬರುತ್ತಿದ್ದವು. ದೊಡ್ಡ ಗುಂಪನ್ನು ನಂಬಿಸಲು ನೂರಾರು ಡಿಕಾಯ್ ಬೇಕು, ಅವು ದೋಣಿಯಲ್ಲಿ ಎಸೆದಾಡಿದರೂ ತಾಳಬೇಕು. ಆದ್ದರಿಂದಲೇ ಅಲ್ಲಿಯವು ಪೊಳ್ಳಿಲ್ಲದೆ ಒಳಗೆಲ್ಲ ಮರವೇ ತುಂಬಿದ, ಅಲಂಕಾರ ಕಡಿಮೆಯಿರುವ ಬಾತುಗಳು. ನ್ಯೂಜರ್ಸಿಯ ಬಾರ್ನೆಗಾಟ್ ಕೊಲ್ಲಿಯಲ್ಲಿ ಪುಟ್ಟ ದೋಣಿಗಳಿದ್ದವು. ಅಲ್ಲಿ ಬಿಳಿ ಸೀಡರ್‌ನ ಎರಡು ಹೋಳು ಕೊರೆದು ಪೊಳ್ಳಾಗಿ ಜೋಡಿಸಿದ ಹಗುರ ಬಾತು. ಪ್ರದರ್ಶನದಲ್ಲಿ ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಎಲ್ಲಿಯದೆಂದು ಕೈಯಲ್ಲಿ ತೂಗಿಯೇ ಹೇಳಬಹುದು.

ಮಾಡುವ ಕ್ರಮ ಹೀಗೆ. ಬಿಳಿ ಪೈನ್ ಅಥವಾ ಸೀಡರ್ ದಿಮ್ಮಿಯನ್ನು ಕೈಗೊಡಲಿಯಿಂದ ಕೆತ್ತಿ ಒಡಲಿನ ಒರಟು ಆಕಾರ ತೆಗೆಯುತ್ತಾರೆ. ಆಮೇಲೆ ಎರಡು ಹಿಡಿಯ ಹೆರೆಗತ್ತಿ, ಅರ, ಕೊನೆಗೆ ಉಪ್ಪುಕಾಗದ. ಮರದ ನಡುತಿರುಳು ಒಡಲಲ್ಲಿ ಉಳಿದರೆ ಒಣಗುವಾಗ ಉದ್ದಕ್ಕೆ ಸೀಳು ಬಿಡುತ್ತದೆ. ತಲೆಯನ್ನು ಬೇರೆ ತುಂಡಿನಲ್ಲಿ ಮಾಡುತ್ತಾರೆ, ಮರದ ಎಳೆ ಕೊಕ್ಕಿನ ಉದ್ದಕ್ಕೇ ಓಡುವಂತೆ. ಎಳೆ ಅಡ್ಡವಾದರೆ ಮೊದಲ ಪೆಟ್ಟಿಗೇ ಕೊಕ್ಕು ಮುರಿಯುತ್ತದೆ. ಹಳೆಯ ಡಿಕಾಯ್‌ಗಳಲ್ಲಿ ಅತಿ ಹೆಚ್ಚು ರಿಪೇರಿ ಕಾಣುವುದು ಕೊಕ್ಕು ಮತ್ತು ಕತ್ತಿನಲ್ಲೇ. ತಲೆಯನ್ನು ಮೊಳೆ ಅಥವಾ ಮರದ ಗೂಟದಿಂದ ಒಡಲಿಗೆ ಬಿಗಿಯುತ್ತಾರೆ.

ಇನ್ನು ಸೀಸ. ಹೊಟ್ಟೆಯಡಿಗೆ ಸೀಸದ ತುಂಡು ಕೂರಿಸದಿದ್ದರೆ ಬಾತು ಅಲೆಗೆ ಮಗುಚುತ್ತದೆ. ನೇರವಾಗಿ ಮೊಳೆ ಹೊಡೆಯಬಾರದು: ಮೊದಲು ರಬ್ಬರ್ ಪಟ್ಟಿಯಿಂದ ತಾತ್ಕಾಲಿಕವಾಗಿ ಕಟ್ಟಿ ತೊಟ್ಟಿಯಲ್ಲಿ ತೇಲಿಸಿ ನೋಡಬೇಕು. ಪಕ್ಕಕ್ಕೆ ವಾಲಿದರೆ ತೂಕವನ್ನು ಎದುರು ಬದಿಗೆ ಸರಿಸಬೇಕು, ಮೂಗು ತಗ್ಗಿದರೆ ಹಿಂದಕ್ಕೆ. ತಲೆಕೆಳಗಾಗಿ ನೀರಿಗೆ ಎಸೆದರೂ ತಾನೇ ಎದ್ದು ಕೂರುವ ಡಿಕಾಯ್ ಮಾತ್ರ ಕೆಲಸಕ್ಕೆ ಬರುವಂಥದ್ದು. ಎದೆಯ ಅಡಿಯಲ್ಲಿ ಲಂಗರಿನ ಹಗ್ಗಕ್ಕೆ ಒಂದು ಬಳೆ ಇರುತ್ತದೆ.

ಬಣ್ಣ ಹಚ್ಚುವ ಮುನ್ನ ಮರದ ಗಂಟುಗಳನ್ನು ಮುಚ್ಚದಿದ್ದರೆ ಪೈನ್‌ನ ಅಂಟು ಒಸರಿ ಹಳದಿ ಕಲೆಯಾಗುತ್ತದೆ. ಎದೆ, ಬಾಲದ ಕಡೆ ಎಳೆ ಕತ್ತರಿಸಿದ ಮುಖ ಹೆಚ್ಚು ನೀರು ಹೀರುವುದರಿಂದ ಅಲ್ಲಿಗೆ ತಳಬಣ್ಣ ಎರಡು ಸಲ ಬೇಕು. ಮೇಲ್ಬಣ್ಣಕ್ಕೆ ಹೊಳಪಿರಕೂಡದು. ಒದ್ದೆ ಮೈ ಬಿಸಿಲಿಗೆ ಮಿಂಚಿದರೆ ಬಾತುಗಳು ದೂರದಿಂದಲೇ ತಿರುಗಿಬಿಡುತ್ತವೆ.

ಡಿಕಾಯ್ ಕಲಾವಸ್ತುವಾದದ್ದು ಆಮೇಲಿನ ಮಾತು. 1918ರ ವಲಸೆ ಹಕ್ಕಿಗಳ ಕಾಯ್ದೆಯಿಂದ ಮಾರುಕಟ್ಟೆಗಾಗಿ ಬಾತು ಹೊಡೆಯುವ ದಂಧೆ ನಿಂತಿತು. ಸಂಗ್ರಹಿಸುವವರು ಹುಟ್ಟಿಕೊಂಡರು, 1923ರಲ್ಲಿ ಲಾಂಗ್ ಐಲೆಂಡ್‌ನ ಬೆಲ್‌ಪೋರ್ಟ್‌ನಲ್ಲಿ ಪ್ರದರ್ಶನವೂ ನಡೆಯಿತು. ಮೇರಿಲ್ಯಾಂಡ್‌ನದೇ ಆದ ಕ್ರಿಸ್‌ಫೀಲ್ಡ್ ಊರಿನ ಲೆಮ್ ಮತ್ತು ಸ್ಟೀವ್ ವಾರ್ಡ್ ಎಂಬ ಕ್ಷೌರಿಕ ಸಹೋದರರು ಕೆತ್ತಿದ ಬಾತುಗಳನ್ನು ಜನ ಮನೆಯಲ್ಲಿಟ್ಟುಕೊಂಡರು. ಗರಿಯ ಒಂದೊಂದು ಎಳೆಯನ್ನೂ ಸುಟ್ಟು ಮೂಡಿಸಿದ, ನೀರನ್ನೇ ಕಾಣದ ಅಲಂಕಾರದ ಬಾತುಗಳು ಇಂದು ಬೇರೆಯೇ ವಿಭಾಗ. ಅವು ಬೆರಗು ಹುಟ್ಟಿಸುತ್ತವೆ, ನಿಜ. ಆದರೆ ಡಿಕಾಯ್ ಏನೆಂದು ತಿಳಿಯಬೇಕಾದರೆ ಪ್ರದರ್ಶನದಲ್ಲಿ ಕೆಲಸದ ಬಾತುಗಳ, ಅಂದರೆ ಬೇಟೆಯಲ್ಲಿ ತೇಲಿಬಿಡಲೆಂದೇ ಮಾಡಿದವುಗಳ, ಮೇಜಿಗೇ ಮೊದಲು ಹೋಗಬೇಕು.

ಅಲ್ಲಿ ಹತ್ತು ಹೆಜ್ಜೆ ದೂರ ನಿಂತು ನೋಡಿ. ಜಾತಿ ಗುರುತು ಸಿಗಬೇಕಾದ್ದು ಗರಿಯಿಂದಲ್ಲ, ಹೊರಗೆರೆಯಿಂದ: ಕ್ಯಾನ್ವಾಸ್‌ಬ್ಯಾಕ್‌ಗೆ ಹಣೆಯಿಂದ ಕೊಕ್ಕಿನ ತುದಿಗೆ ಇಳಿಜಾರು, ಪಿನ್‌ಟೇಲ್‌ಗೆ ಉದ್ದ ಕತ್ತು, ಚೂಪು ಬಾಲ. ಈ ಪಿನ್‌ಟೇಲ್, ಅಂದರೆ ಸೂಜಿಬಾಲದ ಬಾತು, ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಒಮ್ಮೆ ಬೈನಾಕ್ಯುಲರ್‌ನಲ್ಲಿ ಕಂಡವರಿಗೆ ಮರದ ಪ್ರತಿ ಸರಿಯೋ ತಪ್ಪೋ ತಟ್ಟನೆ ಗೊತ್ತಾಗುತ್ತದೆ.

ಕೈಗೆತ್ತಿಕೊಳ್ಳಲು ಅನುಮತಿ ಸಿಕ್ಕರೆ ಎರಡೂ ಕೈ ಒಡಲಿನಡಿ ಇರಲಿ, ತಲೆ ಹಿಡಿದು ಎತ್ತಬೇಡಿ. ತಳ ನೋಡದೆ ಇಡಬೇಡಿ: ಮಾಡಿದವರ ಗುರುತು, ಬೇಟೆಗಾರ ಕಾಯಿಸಿದ ಕಬ್ಬಿಣದಿಂದ ಒತ್ತಿದ ಹೆಸರು ಇರುವುದು ಅಲ್ಲೇ. ಮನೆಯಲ್ಲಿ ಹಳೆಯದೊಂದಿದ್ದರೆ ಹೊಸ ಬಣ್ಣ ಬಳಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರಸಲೂಬೇಡಿ. ಮಾಸಿದ ಮೂಲ ಬಣ್ಣಕ್ಕಿರುವ ಬೆಲೆ ಹೊಸ ಬಣ್ಣಕ್ಕಿಲ್ಲ. ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ.