ಪದ ಪರಿಚಯ: ಮೂರನೇ ಪ್ರಾಯದ ವಿಶ್ವವಿದ್ಯಾಲಯ

ನಿವೃತ್ತರ ಕಲಿಕೆಗೆಂದೇ ಇರುವ ‘ಯೂನಿವರ್ಸಿಟಿ ಆಫ್ ದ ಥರ್ಡ್ ಏಜ್’ ಅನ್ನು ಕನ್ನಡದಲ್ಲಿ ಏನೆನ್ನೋಣ? ‘ಮೂರನೇ ವಯಸ್ಸು’ ಎಂದರೆ ಮೂರು ವರ್ಷದ ಮಗು ಕಣ್ಣಮುಂದೆ ಬರುತ್ತದೆ. ನನಗೆ ಹಿಡಿಸಿದ್ದು ‘ಪ್ರಾಯ’. ಪ್ರಾಯದ ಹುಡುಗ ಎಂದರೆ ಯುವಕ. ಕರಾವಳಿಯಲ್ಲಿ ‘ಅವರಿಗೆ ಪ್ರಾಯ ಆಯ್ತು’ ಎಂದರೆ ಮುಪ್ಪು ಬಂತೆಂದು. ಯೌವನ, ಮುಪ್ಪು ಎರಡೂ ಒಂದೇ ಪದದಲ್ಲಿವೆ.

ಬೆಳೆದು ಕಲಿಯುವುದು ಮೊದಲ ಪ್ರಾಯ. ದುಡಿದು ಸಂಸಾರ ಸಾಗಿಸುವುದು ಎರಡನೆಯದು. ಆ ಹೊಣೆಗಳು ಇಳಿದ ಮೇಲೆ, ಕೈಕಾಲು ಗಟ್ಟಿಯಿರುವಾಗ ಸಿಗುವುದು ಮೂರನೆಯದು. ಇನ್ನೊಬ್ಬರ ಆಸರೆ ಬೇಕಾಗುವುದು ನಾಲ್ಕನೆಯದು. ಈ ವಿಂಗಡಣೆಯನ್ನು ವಿಸ್ತಾರವಾಗಿ ಬರೆದ ಕೇಂಬ್ರಿಜ್‌ನ ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್, ಇದನ್ನು ಹುಟ್ಟಿದ ವರ್ಷದಿಂದ ಎಣಿಸಬಾರದು ಎಂದರು.

ಇಂಥ ಮೊದಲ ವಿಶ್ವವಿದ್ಯಾಲಯ ಶುರುವಾದದ್ದು 1973ರಲ್ಲಿ, ಫ್ರಾನ್ಸಿನ ತುಲೂಸ್‌ನಲ್ಲಿ. ಶುರುಮಾಡಿದವರು ಅಲ್ಲಿನ ಪ್ರಾಧ್ಯಾಪಕ ಪಿಯರ್ ವೆಲ್ಲಾಸ್. ನಿವೃತ್ತಿಯ ವಯಸ್ಸಾಗಿರಬೇಕು, ಸರಳವಾದೊಂದು ಅರ್ಜಿ ತುಂಬಿ ಅಲ್ಪ ಶುಲ್ಕ ಕಟ್ಟಬೇಕು, ಅಷ್ಟೇ. ಹಿಂದಿನ ಅಂಕಪಟ್ಟಿ ಬೇಕಿರಲಿಲ್ಲ. ಪಾಠ ಮಾತ್ರ ವಿಶ್ವವಿದ್ಯಾಲಯದ ಅಧ್ಯಾಪಕರದೇ.

1980ರ ದಶಕದ ಆರಂಭದಲ್ಲಿ ಲ್ಯಾಸ್ಲೆಟ್, ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್, ಶಿಕ್ಷಣತಜ್ಞ ಎರಿಕ್ ಮಿಡ್‌ವಿಂಟರ್ ಇದನ್ನು ಬ್ರಿಟನ್ನಿಗೆ ತಂದಾಗ ಅರ್ಥವೇ ಹೊರಳಿತು. ಅಲ್ಲಿ ಅಧ್ಯಾಪಕರೇ ಇಲ್ಲ, ಸದಸ್ಯರೇ ಸದಸ್ಯರಿಗೆ ಕಲಿಸುತ್ತಾರೆ. ಯಾರದೋ ಮನೆಯ ನಡುಮನೆ, ಏಳೆಂಟು ಕುರ್ಚಿ, ಚಹಾ. ಈ ವಾರ ಕಲ್ಲುಗಳ ಬಗ್ಗೆ ಹೇಳಿದ ನಿವೃತ್ತ ಎಂಜಿನಿಯರ್, ಮುಂದಿನ ವಾರ ಪಕ್ಕದ ಬೀದಿಯ ಅಜ್ಜಿಯ ಎದುರು ಕೂತು ಲ್ಯಾಟಿನ್ ವಿಭಕ್ತಿ ಒಪ್ಪಿಸುತ್ತಾರೆ. ಪರೀಕ್ಷೆಯಿಲ್ಲ, ಪದವಿಯಿಲ್ಲ. ಹಾಗಾದರೆ ಇದು ವಿಶ್ವವಿದ್ಯಾಲಯ ಹೇಗೆ? ಲ್ಯಾಟಿನ್ನಿನ ‘ಯೂನಿವರ್ಸಿಟಾಸ್’ ಎಂದರೆ ಒಂದು ಉದ್ದೇಶಕ್ಕೆ ಸೇರಿದವರ ಕೂಟ. ಕಟ್ಟಡವನ್ನು ಸೂಚಿಸುವ ‘ಆಲಯ’ ಬಂದದ್ದು ನಮ್ಮ ಪದದಲ್ಲಿ. ಇಂದು ಬ್ರಿಟನ್ನಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೂಟಗಳಿವೆ.

ಅಮೆರಿಕದಲ್ಲಿ ಆಲಯ ಉಳಿದುಕೊಂಡಿದೆ. 2001ರಲ್ಲಿ ಸದರ್ನ್ ಮೇನ್ ವಿಶ್ವವಿದ್ಯಾಲಯದಿಂದ ಮೊದಲಾದ ಓಷರ್ ಲೈಫ್‌ಲಾಂಗ್ ಲರ್ನಿಂಗ್ ಇನ್‌ಸ್ಟಿಟ್ಯೂಟ್‌ಗಳು ಈಗ ನೂರಕ್ಕೂ ಹೆಚ್ಚು ಕ್ಯಾಂಪಸ್‌ಗಳಲ್ಲಿವೆ. ಐವತ್ತು ದಾಟಿದವರಿಗೆಂದೇ ಕೆಲವು ವಾರಗಳ ಕೋರ್ಸುಗಳು. ಅಂಕದ ಗೊಡವೆ ಇಲ್ಲಿಯೂ ಇಲ್ಲ.

ಫ್ರಾನ್ಸಿನ ಹಲವು ಕಡೆ ಹೆಸರು ಈಗ ‘ಬಿಡುವಿನ ಕಾಲದ ವಿಶ್ವವಿದ್ಯಾಲಯ’ ಎಂದಾಗಿದೆ. ಇದು ನನಗೆ ಒಗ್ಗುವುದಿಲ್ಲ. ಬಿಡುವು ಎಂದರೆ ಕೆಲಸದ ನಡುವಿನ ಪುರುಸೊತ್ತು. ಎಪ್ಪತ್ತರಲ್ಲಿ ಭೂತಗನ್ನಡಿ ಹಿಡಿದು ಹೊಸ ಲಿಪಿಯ ಅಕ್ಷರ ತಿದ್ದುವವರು ಹೊತ್ತು ಕಳೆಯುತ್ತಿಲ್ಲ. ಅವರಿಗೆ ಆ ದಿನದ ಕೆಲಸವೇ ಅದು.