ತಾನೇ ಹಿಡಿಯುವ ಬ್ರೇಕ್: ರೈಲಿನ ‘ಆಟೊಮ್ಯಾಟಿಕ್ ಏರ್ ಬ್ರೇಕ್’ ಎಂದರೇನು?

‘ಆಟೊಮ್ಯಾಟಿಕ್ ಏರ್ ಬ್ರೇಕ್’ ಎಂಬ ಹೆಸರಿನ ಮೂರು ಪದಗಳಲ್ಲಿ ಕೊನೆಯ ಎರಡು ಯಾರಿಗೂ ತೊಡಕು ಮಾಡುವುದಿಲ್ಲ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಬ್ರೇಕು ಎಂಬುದು ಕೇಳಿದೊಡನೆ ತಿಳಿಯುತ್ತದೆ. ದಾರಿ ತಪ್ಪಿಸುವುದು ಮೊದಲನೆಯ ಪದ. ಆಟೊಮ್ಯಾಟಿಕ್ ಎಂದ ಕೂಡಲೇ ಮನುಷ್ಯನ ಕೈ ಸೋಂಕದೆ ನಡೆಯುವ ಯಂತ್ರ ನೆನಪಿಗೆ ಬರುವುದರಿಂದ, ಹಳಿಯ ಮೇಲೆ ಅಡ್ಡಿ ಕಂಡರೆ ಚಾಲಕನಿಗೆ ಕಾಯದೆ ರೈಲನ್ನು ನಿಲ್ಲಿಸುವ ಸಾಧನವಿರಬೇಕು ಎಂದು ಊಹಿಸುವುದು ಸಹಜ. ಅಂಥ ವ್ಯವಸ್ಥೆಗಳೂ ಇವೆ, ಆದರೆ ಅವಕ್ಕೆ ಬೇರೆ ಹೆಸರುಗಳಿವೆ. ರೈಲು ಬ್ರೇಕಿನ ಪರಿಭಾಷೆಯಲ್ಲಿ ಈ ಪದಕ್ಕಿರುವ ಅರ್ಥ ಬಹಳ ಕಿರಿದು, ಬಹಳ ಖಚಿತ: ಗಾಳಿಯ ಕೊಳವೆ ಹರಿದರೆ, ಕೊಂಡಿ ಕಳಚಿ ಗಾಡಿ ಎರಡು ತುಂಡಾದರೆ, ಆ ಕೆಡುಕೇ ಬ್ರೇಕು ಹಿಡಿಯಲು ಕಾರಣವಾಗಬೇಕು. ಚಾಲಕ ಬೇಕೆಂದಾಗ ಹಿಡಿಯುವುದು ಎಲ್ಲ ಬ್ರೇಕುಗಳ ಗುಣ; ಯಾರೂ ಕೇಳದಿದ್ದರೂ, ತನಗೇ ಪೆಟ್ಟು ಬಿದ್ದಾಗ ಹಿಡಿಯುವುದು ಇದರ ಗುಣ.

ಕನ್ನಡದಲ್ಲಿ ಇದಕ್ಕೆ ‘ಸ್ವಯಂಚಾಲಿತ’ ಎಂದು ಬರೆಯುವ ರೂಢಿಯಿದೆ. ಪದವನ್ನು ಬಿಡಿಸಿ ನೋಡಿದರೆ ‘ತನ್ನಿಂದ ತಾನೇ ಚಲಿಸುವಂಥದು’ ಎಂದಾಗುತ್ತದೆ. ಚಲನೆಯನ್ನು ತಡೆಯುವುದಕ್ಕೆಂದೇ ಇರುವ ಸಾಧನಕ್ಕೆ ಚಲನೆಯ ಧಾತುವಿನಿಂದಲೇ ಹೆಸರು ಬಂದಿರುವುದು ತುಸು ತಮಾಷೆಯಾಗಿಯೇ ಇದೆ. ‘ತಾನೇ ಹಿಡಿಯುವ ಬ್ರೇಕ್’ ಎಂದರೆ ಅರ್ಥಕ್ಕೆ ಹೆಚ್ಚು ಹತ್ತಿರವಾದೀತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದ ಅಮೆರಿಕದಲ್ಲಿ ಸರಕು ರೈಲನ್ನು ನಿಲ್ಲಿಸುವ ಕೆಲಸ ಬ್ರೇಕ್‌ಮನ್ನರದಾಗಿತ್ತು. ಎಂಜಿನಿನ ಸಿಳ್ಳೆ ಕೇಳಿದೊಡನೆ ಅವರು ಓಡುತ್ತಿರುವ ವ್ಯಾಗನ್ನುಗಳ ಮಾಡಿನ ಮೇಲೆ ನಡೆದು, ಒಂದರಿಂದ ಇನ್ನೊಂದಕ್ಕೆ ದಾಟಿ, ಪ್ರತಿ ವ್ಯಾಗನ್ನಿನ ತುದಿಯಲ್ಲಿದ್ದ ಚಕ್ರವನ್ನು ತಿರುಗಿಸಿ ಬ್ರೇಕು ಬಿಗಿಯಬೇಕಾಗಿತ್ತು. ಮಳೆ, ಹಿಮ, ಇರುಳು ಯಾವುದೂ ಇದಕ್ಕೆ ಹೊರತಲ್ಲ. ಬಿದ್ದು ಸತ್ತವರೂ ಕೈಕಾಲು ಕಳೆದುಕೊಂಡವರೂ ಎಷ್ಟೋ ಮಂದಿ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರ ಏಪ್ರಿಲ್‌ನಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಮೊದಲ ಏರ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಈ ಕೆಲಸ ಚಾಲಕನ ಕೈಗೆ ಬರುವ ದಾರಿ ತೆರೆಯಿತು. ಆಲ್ಪ್ಸ್ ಪರ್ವತದ ಮೋಂ ಸೆನಿ ಸುರಂಗವನ್ನು ಸಂಪೀಡಿತ ಗಾಳಿಯಿಂದ ನಡೆಯುವ ಬೈರಿಗೆಗಳಿಂದ ಕೊರೆಯುತ್ತಿದ್ದ ಸುದ್ದಿಯನ್ನು ಪತ್ರಿಕೆಯೊಂದರಲ್ಲಿ ಓದಿದ್ದು ಆತನಿಗೆ ಈ ಹೊಳಹು ಕೊಟ್ಟಿತು.

ಆದರೆ ಆ ಮೊದಲ ಬ್ರೇಕು ಆಟೊಮ್ಯಾಟಿಕ್ ಆಗಿರಲಿಲ್ಲ. ಅದರ ರಚನೆ ಯಾರಿಗಾದರೂ ಮೊದಲು ತೋಚುವಂಥದ್ದು. ಎಂಜಿನ್ನಿನಲ್ಲಿ ಒಂದು ದೊಡ್ಡ ಗಾಳಿ ಟ್ಯಾಂಕು. ಅಲ್ಲಿಂದ ಗಾಡಿಯುದ್ದಕ್ಕೂ ಒಂದು ಕೊಳವೆ. ಪ್ರತಿ ಬೋಗಿಯ ಅಡಿಯಲ್ಲಿ ಆ ಕೊಳವೆಗೆ ಸೇರಿಸಿದ ಒಂದು ಸಿಲಿಂಡರು. ಚಾಲಕ ಗಾಳಿ ಬಿಟ್ಟರೆ ಅದು ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತಿತ್ತು, ಬ್ರೇಕ್ ಬ್ಲಾಕುಗಳು ಗಾಲಿಗೆ ಒತ್ತಿಕೊಳ್ಳುತ್ತಿದ್ದವು. ಇದರಲ್ಲಿ ಎರಡು ದೋಷಗಳಿದ್ದವು. ದೂರದ ಬೋಗಿಗೆ ಗಾಳಿ ತಲಪುವುದು ತಡವಾಗುತ್ತಿದ್ದುದರಿಂದ ಮುಂದಿನವು ನಿಧಾನವಾಗುವ ಹೊತ್ತಿಗೆ ಹಿಂದಿನವು ಬಂದು ಗುದ್ದುತ್ತಿದ್ದವು. ಇದು ಸಣ್ಣ ದೋಷ. ಬೋಗಿಗಳ ನಡುವಿನ ರಬ್ಬರ್ ಕೊಳವೆ ಒಂದೇ ಒಂದು ಕಡೆ ಒಡೆದರೂ ಬ್ರೇಕೇ ಇಲ್ಲದಂತಾಗುತ್ತಿದ್ದುದು, ಅದೂ ಕೊಳವೆ ಒಡೆದಿದೆಯೆಂದು ಚಾಲಕನಿಗೆ ಬ್ರೇಕು ಬೇಕಾದ ಗಳಿಗೆಯಲ್ಲಿಯೇ ಗೊತ್ತಾಗುತ್ತಿದ್ದುದು, ದೊಡ್ಡ ದೋಷ.

1872ರ ಪೇಟೆಂಟಿನಲ್ಲಿ ವೆಸ್ಟಿಂಗ್‌ಹೌಸ್ ಮಾಡಿದ್ದು ಇಡೀ ತರ್ಕವನ್ನು ತಲೆಕೆಳಗು ಮಾಡಿದ್ದು. ಗಾಡಿಯುದ್ದದ ಕೊಳವೆ, ಅಂದರೆ ಬ್ರೇಕ್ ಪೈಪು, ಓಟದ ಉದ್ದಕ್ಕೂ ಒತ್ತಡದಿಂದ ತುಂಬಿಯೇ ಇರುತ್ತದೆ. ಪ್ರತಿ ಬೋಗಿಗೂ ಅದರದೇ ಒಂದು ಗಾಳಿ ಟ್ಯಾಂಕು ಇರುತ್ತದೆ. ಬ್ರೇಕು ಹಾಕಬೇಕೆಂದರೆ ಚಾಲಕ ಕೊಳವೆಗೆ ಗಾಳಿ ತುಂಬುವುದಿಲ್ಲ, ಅದರಿಂದ ಗಾಳಿ ಬಿಡುತ್ತಾನೆ. ಒತ್ತಡ ಇಳಿದದ್ದೇ ಅಪ್ಪಣೆ. ಆ ಅಪ್ಪಣೆಯಂತೆ ಪ್ರತಿ ಬೋಗಿಯೂ ತನ್ನ ಟ್ಯಾಂಕಿನ ಗಾಳಿಯನ್ನು ತನ್ನ ಸಿಲಿಂಡರಿಗೆ ತಾನೇ ಹರಿಸಿಕೊಳ್ಳುತ್ತದೆ. ಒತ್ತಡ ಇಳಿದದ್ದು ಚಾಲಕನ ಕೈಯಿಂದಲೋ, ಹರಿದ ಕೊಳವೆಯಿಂದಲೋ, ಪ್ರಯಾಣಿಕನೊಬ್ಬ ಎಳೆದ ಅಪಾಯದ ಸರಪಳಿಯಿಂದಲೋ ಎಂದು ಬೋಗಿ ವಿಚಾರಿಸುವುದಿಲ್ಲ. ‘ಆಟೊಮ್ಯಾಟಿಕ್’ ಎಂಬ ಪದದ ತಿರುಳೆಲ್ಲ ಈ ವಿಚಾರಿಸದಿರುವುದರಲ್ಲಿಯೇ ಇದೆ.

ಅಪ್ಪಣೆಯನ್ನು ಓದುವ ಭಾಗಕ್ಕೆ ಟ್ರಿಪಲ್ ವಾಲ್ವ್ ಎಂದು ಹೆಸರು. ಟ್ಯಾಂಕನ್ನು ತುಂಬುವುದು, ಬ್ರೇಕು ಹಿಡಿಸುವುದು, ಬ್ರೇಕು ಬಿಡಿಸುವುದು ಎಂಬ ಮೂರು ಕೆಲಸಗಳನ್ನು ಒಂದೇ ಕವಾಟ ಮಾಡುವುದರಿಂದ ಆ ಹೆಸರು. ಅದರ ಒಳಗನ್ನು ತುಸು ಹತ್ತಿರದಿಂದ ನೋಡುವುದು ಒಳ್ಳೆಯದು. ಒಂದು ಚಿಕ್ಕ ಪಿಸ್ಟನ್ನು; ಅದರ ಒಂದು ಮುಖದ ಮೇಲೆ ಬ್ರೇಕ್ ಪೈಪಿನ ಒತ್ತಡ, ಇನ್ನೊಂದು ಮುಖದ ಮೇಲೆ ಟ್ಯಾಂಕಿನ ಒತ್ತಡ. ಪೈಪಿನ ಒತ್ತಡ ಹೆಚ್ಚಿದ್ದಾಗ ಪಿಸ್ಟನ್ನು ಒಂದು ತುದಿಗೆ ಸರಿದು ನಿಂತಿರುತ್ತದೆ. ಅಲ್ಲಿ ಅದರ ಗೂಡಿನ ಗೋಡೆಯಲ್ಲಿ ಉಗುರಿನಿಂದ ಗೀರಿದಷ್ಟು ಕಿರಿದಾದ ಒಂದು ತೋಡಿದೆ. ಪೈಪಿನ ಗಾಳಿ ಆ ತೋಡಿನ ಮೂಲಕ ನಿಧಾನವಾಗಿ ನುಸುಳಿ ಟ್ಯಾಂಕನ್ನು ತುಂಬುತ್ತದೆ, ಅದೇ ಹೊತ್ತಿಗೆ ಸಿಲಿಂಡರು ಹೊರಗಾಳಿಗೆ ತೆರೆದುಕೊಂಡಿರುವುದರಿಂದ ಬ್ರೇಕು ಬಿಟ್ಟಿರುತ್ತದೆ. ಪೈಪಿನ ಒತ್ತಡ ಇಳಿದ ಕೂಡಲೇ ಟ್ಯಾಂಕಿನ ಒತ್ತಡ ಮೇಲುಗೈ ಸಾಧಿಸಿ ಪಿಸ್ಟನ್ನನ್ನು ಆಚೆಗೆ ತಳ್ಳುತ್ತದೆ. ತೋಡು ಮುಚ್ಚುತ್ತದೆ, ಹೊರಗಾಳಿಯ ದಾರಿ ಮುಚ್ಚುತ್ತದೆ, ಟ್ಯಾಂಕಿನಿಂದ ಸಿಲಿಂಡರಿಗೆ ದಾರಿ ತೆರೆಯುತ್ತದೆ.

ಇಲ್ಲಿಗೇ ನಿಂತಿದ್ದರೆ ಬ್ರೇಕು ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ ಎಂಬಂತಾಗುತ್ತಿತ್ತು. ಆದರೆ ಟ್ಯಾಂಕಿನ ಗಾಳಿ ಸಿಲಿಂಡರಿಗೆ ಹರಿದಂತೆಲ್ಲ ಟ್ಯಾಂಕಿನ ಒತ್ತಡವೂ ಇಳಿಯುತ್ತದಲ್ಲವೆ? ಅದು ಪೈಪಿನ ಒತ್ತಡಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾದ ಗಳಿಗೆಯಲ್ಲಿ ಪಿಸ್ಟನ್ನು ತುಸುವೇ ಹಿಂದೆ ಸರಿದು ದಾರಿಯನ್ನು ಮುಚ್ಚಿಬಿಡುತ್ತದೆ. ಹೀಗಾಗಿ ಚಾಲಕ ಪೈಪಿನಿಂದ ಎಷ್ಟು ಒತ್ತಡ ಇಳಿಸಿದನೋ ಅಷ್ಟಕ್ಕೆ ತಕ್ಕ ಬಿಗಿ ಮಾತ್ರ ಗಾಲಿಗೆ ಸಿಗುತ್ತದೆ. ಲೆಕ್ಕ ಸರಳ. ಟ್ಯಾಂಕಿನ ಗಾತ್ರ ಸಿಲಿಂಡರಿನ ಎರಡೂವರೆ ಪಟ್ಟು ಎಂಬುದು ಹಳೆಯ ರೂಢಿ. ಆದ್ದರಿಂದ ಟ್ಯಾಂಕಿನಲ್ಲಿ ಚದರ ಅಂಗುಲಕ್ಕೆ 10 ಪೌಂಡ್ ಇಳಿದರೆ ಸಿಲಿಂಡರಿನಲ್ಲಿ ಸುಮಾರು 25 ಪೌಂಡ್ ಏರುತ್ತದೆ. ಮೊದಲು 70 ಪೌಂಡ್ ತುಂಬಿದ್ದ ವ್ಯವಸ್ಥೆಯಲ್ಲಿ 20 ಪೌಂಡ್ ಇಳಿಸಿದಾಗ ಟ್ಯಾಂಕು, ಸಿಲಿಂಡರು ಎರಡರಲ್ಲೂ 50 ಪೌಂಡ್ ಆಗಿ ಸಮವಾಗುತ್ತದೆ. ಅದರಾಚೆಗೆ ಪೈಪಿನಿಂದ ಇನ್ನಷ್ಟು ಗಾಳಿ ಬಿಟ್ಟರೆ ಬಿಗಿಯೇನೂ ಹೆಚ್ಚುವುದಿಲ್ಲ, ಗಾಳಿ ದಂಡವಾಗುತ್ತದೆ ಅಷ್ಟೆ. ಎಲೆಕ್ಟ್ರಾನಿಕ್ಸ್ ಎಂಬ ಮಾತೇ ಹುಟ್ಟದಿದ್ದ ಕಾಲದಲ್ಲಿ, ಬರಿಯ ಲೋಹದ ತುಂಡೊಂದು ಎರಡು ಒತ್ತಡಗಳನ್ನು ತೂಗಿ ತೀರ್ಮಾನ ಹೇಳುತ್ತಿತ್ತೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಗಾಳಿಯ ಒತ್ತಡವು ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ, ಗಾಳಿ ಹೋದರೆ ಸ್ಪ್ರಿಂಗು ಬ್ರೇಕನ್ನು ಒತ್ತುತ್ತದೆ ಎಂಬ ವಿವರಣೆಯನ್ನು ಹಲವೆಡೆ ಓದುತ್ತೇವೆ. ಅದು ದೊಡ್ಡ ಲಾರಿಗಳ ಪಾರ್ಕಿಂಗ್ ಬ್ರೇಕಿಗೆ ಸಲ್ಲುವ ಮಾತು, ಇಲ್ಲಿ ವಿವರಿಸಿದ ರೈಲು ಬ್ರೇಕಿಗೆ ಸಲ್ಲುವುದಿಲ್ಲ. ಇಲ್ಲಿ ಬ್ರೇಕನ್ನು ಒತ್ತುವುದೂ ಗಾಳಿಯೇ, ಬೋಗಿಯ ಟ್ಯಾಂಕಿನಲ್ಲಿ ಮೊದಲೇ ಕೂಡಿಟ್ಟ ಗಾಳಿ. ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಈ ಬ್ರೇಕಿನ ಮುಖ್ಯ ದೌರ್ಬಲ್ಯ ಹುಟ್ಟುವುದು ಮಾತ್ರ ಇಲ್ಲಿಂದಲೇ. ಅದನ್ನು ಮುಂದೆ ನೋಡೋಣ.

ಪ್ರಯಾಣಿಕರ ರೈಲುಗಳಿಗೆ ಒಗ್ಗಿದ ಈ ವ್ಯವಸ್ಥೆ ಉದ್ದನೆಯ ಸರಕು ರೈಲುಗಳಿಗೆ ಒಡನೆಯೇ ಒಗ್ಗಲಿಲ್ಲ. 1886 ಮತ್ತು 1887ರಲ್ಲಿ ಅಯೋವಾದ ಬರ್ಲಿಂಗ್‌ಟನ್‌ನಲ್ಲಿ 50 ವ್ಯಾಗನ್ನುಗಳ ಗಾಡಿಗಳನ್ನು ಓಡಿಸಿ ಬಗೆಬಗೆಯ ಬ್ರೇಕುಗಳನ್ನು ಪರೀಕ್ಷಿಸಿದಾಗ, ಅಪ್ಪಣೆ ಕೊನೆಯ ವ್ಯಾಗನ್ನಿಗೆ ಮುಟ್ಟುವಷ್ಟರಲ್ಲಿ ಮುಂದಿನವು ಬಿಗಿಯಾಗಿ, ಹಿಂದಿನವು ಭಾರಿ ಆಘಾತದೊಡನೆ ಬಂದು ಅಪ್ಪಳಿಸಿದವು. ಎಲ್ಲ ಗಾಳಿಯೂ ಎಂಜಿನ್ನಿನ ಒಂದೇ ಬಾಯಿಂದ ಹೊರಬೀಳಬೇಕಾಗಿದ್ದುದೇ ಕಾರಣ. ವೆಸ್ಟಿಂಗ್‌ಹೌಸ್ 1887ರಲ್ಲಿ ಕವಾಟವನ್ನು ಮಾರ್ಪಡಿಸಿ, ತುರ್ತು ಬ್ರೇಕಿನ ವೇಳೆ ಪ್ರತಿ ವ್ಯಾಗನ್ನಿನ ಕವಾಟವೂ ತನ್ನ ಬಳಿಯ ಪೈಪಿನ ಗಾಳಿಯನ್ನು ತಾನೇ ಖಾಲಿ ಮಾಡುವಂತೆ ಮಾಡಿದ. ಒಂದು ಕವಾಟ ಬಾಯಿ ತೆರೆದದ್ದು ಮುಂದಿನದಕ್ಕೆ ಅಪ್ಪಣೆ, ಅದರದು ಅದರ ಮುಂದಿನದಕ್ಕೆ. ಹೀಗೆ ಸುದ್ದಿ ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ ಓಡತೊಡಗಿತು. ಶಬ್ದದ ವೇಗವನ್ನು ಮೀರುವುದು ಗಾಳಿಗೆ ಸಾಧ್ಯವಿಲ್ಲವಾದ್ದರಿಂದ, ಎರಡು ಕಿಲೋಮೀಟರ್ ಉದ್ದದ ಗಾಡಿಯ ಕೊನೆಗೆ ಸುದ್ದಿ ಮುಟ್ಟಲು ಇಂದಿಗೂ ಆರು ಸೆಕೆಂಡಾದರೂ ಬೇಕು. ವಿದ್ಯುತ್ ಸಂಕೇತದಿಂದ ಎಲ್ಲ ವ್ಯಾಗನ್ನುಗಳ ಬ್ರೇಕನ್ನೂ ಏಕಕಾಲಕ್ಕೆ ಹಿಡಿಸುವ ಹೊಸ ವ್ಯವಸ್ಥೆಗಳು ಬಂದದ್ದು ಈ ಮಿತಿಯನ್ನು ದಾಟಲೆಂದೇ. ಬರ್ಲಿಂಗ್‌ಟನ್ ಪರೀಕ್ಷೆಗಳು ಮುಗಿದ ಕೆಲವೇ ವರ್ಷಗಳಲ್ಲಿ, 1893ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಮಾಡಿದ ಸುರಕ್ಷಾ ಸಾಧನಗಳ ಕಾಯಿದೆಯು, ಬ್ರೇಕ್‌ಮನ್ನರ ಕೈಬ್ರೇಕನ್ನು ನೆಚ್ಚದೆ ಚಾಲಕನೇ ವೇಗವನ್ನು ಹತೋಟಿಯಲ್ಲಿಡುವಷ್ಟು ವ್ಯಾಗನ್ನುಗಳಿಗೆ ಇಂಥ ಬ್ರೇಕು ಇರಲೇಬೇಕೆಂದು ವಿಧಿಸಿತು.

‘ಆಟೊಮ್ಯಾಟಿಕ್’ ಜೊತೆಗೆ ಗೊಂದಲಕ್ಕೆ ಸಿಗುವ ಇನ್ನೊಂದು ಪದ ‘ಕಂಟಿನ್ಯೂಯಸ್’, ಅಂದರೆ ನಿರಂತರ ಬ್ರೇಕ್. ಗಾಡಿಯ ಎಲ್ಲ ಬೋಗಿಗಳ ಬ್ರೇಕನ್ನೂ ಒಂದೇ ಕಡೆಯಿಂದ ನಡೆಸಬಹುದಾದರೆ ಅದು ನಿರಂತರ. ಅಷ್ಟರಿಂದಲೇ ಅದು ಆಟೊಮ್ಯಾಟಿಕ್ ಆಗುವುದಿಲ್ಲ. ಈ ಎರಡು ಪದಗಳ ಅಂತರವನ್ನು ಐರ್ಲೆಂಡಿನ ಆರ್ಮಾದಷ್ಟು ಕ್ರೂರವಾಗಿ ಬೇರಾವ ಘಟನೆಯೂ ತೋರಿಸಲಿಲ್ಲ. 1889ರ ಜೂನ್ 12ರಂದು ಮಕ್ಕಳೇ ತುಂಬಿದ್ದ ಪ್ರವಾಸದ ರೈಲೊಂದು ಏರಿನಲ್ಲಿ ಎಂಜಿನ್ನಿಗೆ ಕಸುವು ಸಾಲದೆ ನಿಂತಿತು. ಗಾಡಿಯನ್ನು ಎರಡು ಭಾಗ ಮಾಡಿ, ಮುಂದಿನ ಭಾಗವನ್ನು ಮೊದಲು ಒಯ್ಯುವುದೆಂದು ಸಿಬ್ಬಂದಿ ತೀರ್ಮಾನಿಸಿದರು. ಗಾಡಿಗಿದ್ದುದು ನಿರ್ವಾತದಿಂದ ಕೆಲಸ ಮಾಡುವ ನಿರಂತರ ಬ್ರೇಕು, ಆದರೆ ಆಟೊಮ್ಯಾಟಿಕ್ ಅಲ್ಲದ್ದು. ಕೊಳವೆ ಬಿಚ್ಚಿದೊಡನೆ ಹಿಂದಿನ ಹತ್ತು ಬೋಗಿಗಳ ಬ್ರೇಕೆಲ್ಲ ಬಿಟ್ಟುಕೊಂಡಿತು. ಅವುಗಳನ್ನು ತಡೆದದ್ದು ಕೊನೆಯ ವ್ಯಾನಿನ ಕೈಬ್ರೇಕು ಮತ್ತು ಗಾಲಿಗೆ ಕೊಟ್ಟ ಕಲ್ಲುಗಳು ಮಾತ್ರ. ಮುಂದಿನ ಭಾಗ ಹೊರಡುವಾಗ ತುಸು ಹಿಂದಕ್ಕೆ ಜರುಗಿ ತಗುಲಿದ್ದೇ ಸಾಕಾಯಿತು. ಇಳಿಜಾರಿನಲ್ಲಿ ಉರುಳಿದ ಬೋಗಿಗಳು ಹಿಂದಿನಿಂದ ಬರುತ್ತಿದ್ದ ರೈಲಿಗೆ ಬಡಿದು 80 ಮಂದಿ ಸತ್ತರು. ಅದೇ ಬ್ರೇಕು ಆಟೊಮ್ಯಾಟಿಕ್ ಆಗಿದ್ದರೆ ಕೊಳವೆ ಬಿಚ್ಚಿದ್ದೇ ಬ್ರೇಕು ಹಿಡಿಯಲು ಸಾಕಾಗುತ್ತಿತ್ತು. ಆ ವರ್ಷವೇ ಬ್ರಿಟಿಷ್ ಸಂಸತ್ತು ಮಾಡಿದ ಕಾಯಿದೆಯು, ಪ್ರಯಾಣಿಕರ ರೈಲುಗಳ ಬ್ರೇಕು ನಿರಂತರವೂ ಆಗಿರಬೇಕು, ತಾನೇ ಹಿಡಿಯುವಂಥದೂ ಆಗಿರಬೇಕು ಎಂದು ಎರಡನ್ನೂ ಬೇರೆಬೇರೆಯಾಗಿ ಹೇಳಿತು. ನಿರ್ವಾತದ ಬ್ರೇಕಿನಲ್ಲೂ ಆಟೊಮ್ಯಾಟಿಕ್ ಬಗೆ ಇದೆಯೆಂಬುದನ್ನು ಇಲ್ಲಿ ಸೇರಿಸಬೇಕು. ಅದರಲ್ಲಿ ನಿರ್ವಾತವು ಬ್ರೇಕನ್ನು ಬಿಡಿಸಿರುತ್ತದೆ, ಹೊರಗಾಳಿ ನುಗ್ಗಿದರೆ ಬ್ರೇಕು ಹಿಡಿಯುತ್ತದೆ.

ಇನ್ನು ದೌರ್ಬಲ್ಯದ ಮಾತು. ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯೇ ಬ್ರೇಕಿನ ಬಲವಾದ್ದರಿಂದ, ಆ ಗಾಳಿ ಮುಗಿದರೆ ಬ್ರೇಕೂ ಮುಗಿಯಿತು. ಹಳೆಯ ಟ್ರಿಪಲ್ ವಾಲ್ವಿನಲ್ಲಿ ಬ್ರೇಕನ್ನು ಹಂತಹಂತವಾಗಿ ಹಿಡಿಸಬಹುದಿತ್ತು, ಹಂತಹಂತವಾಗಿ ಬಿಡಿಸಲಾಗುತ್ತಿರಲಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಪದೇಪದೇ ಹಿಡಿಸಿ ಬಿಡಿಸುತ್ತ ಹೋದರೆ ಆ ಕಿರಿದಾದ ತೋಡಿನ ಮೂಲಕ ಟ್ಯಾಂಕು ಮತ್ತೆ ತುಂಬಲು ಸಮಯ ಸಾಲದೆ, ಪ್ರತಿ ಸಲವೂ ಬಿಗಿ ಕಡಿಮೆಯಾಗುತ್ತಿತ್ತು. ಹಂತಹಂತವಾಗಿ ಬಿಡಿಸಬಲ್ಲ ಡಿಸ್ಟ್ರಿಬ್ಯೂಟರ್ ವಾಲ್ವುಗಳು ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿದವು. ಆದರೂ ನಿಂತ ಗಾಡಿಯ ಗಾಳಿ ಗಂಟೆಗಳು ಕಳೆದಂತೆ ಸೋರುವುದನ್ನು ಯಾವ ಕವಾಟವೂ ತಡೆಯದು. ನಿಲ್ಲಿಸಿಟ್ಟ ಗಾಡಿಗೆ ಕೈಬ್ರೇಕು ಬಿಗಿಯಲೇಬೇಕೆಂಬ ನಿಯಮ ಅದಕ್ಕಾಗಿ. 2013ರ ಜುಲೈ 6ರಂದು ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣಕ್ಕೆ ಉರುಳಿಬಂದ ಕಚ್ಚಾ ತೈಲದ ರೈಲಿನಲ್ಲಿ 72 ಟ್ಯಾಂಕರುಗಳಿದ್ದವು. ಇಳಿಜಾರಿನ ಮೇಲೆ ನಿಲ್ಲಿಸಿದಾಗ ಅವುಗಳ ಆಟೊಮ್ಯಾಟಿಕ್ ಬ್ರೇಕನ್ನು ಹಿಡಿಸಿರಲಿಲ್ಲ, ಕೈಬ್ರೇಕು ಬಿಗಿದದ್ದು ಗಾಡಿಯ ಮುಂಭಾಗದ ಎಂಜಿನ್ನುಗಳೂ ಸೇರಿ ಏಳು ವಾಹನಗಳಿಗೆ ಮಾತ್ರ, ಉಳಿದ ಭಾರವನ್ನು ಹೊತ್ತಿದ್ದುದು ಎಂಜಿನ್ನುಗಳ ಸ್ವಂತ ಏರ್ ಬ್ರೇಕು. ಎಂಜಿನ್ನಿಗೆ ಬೆಂಕಿ ತಗುಲಿ ಅದನ್ನು ನಿಲ್ಲಿಸಿದ ಮೇಲೆ ಗಾಳಿ ಸೋರುತ್ತ ಬಂದು ಬಿಗಿ ಸಡಿಲಿತು. 47 ಮಂದಿ ತೀರಿಕೊಂಡರು.

ಎರಡನೆಯ ದೌರ್ಬಲ್ಯ ಇನ್ನೂ ಸೂಕ್ಷ್ಮ. ಒತ್ತಡ ಇಳಿದರೆ ಮಾತ್ರ ಬೋಗಿಗೆ ಸುದ್ದಿ. ಪೈಪಿನ ನಡುವೆ ಎಲ್ಲಾದರೂ ಒಂದು ಕಾಕ್, ಅಂದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ನಲ್ಲಿ, ಮುಚ್ಚಿಕೊಂಡಿದ್ದರೆ ಅದರ ಹಿಂದಿನ ಒತ್ತಡ ಸೆರೆಯಾಗಿ ಹಾಗೆಯೇ ಉಳಿಯುತ್ತದೆ. ಚಾಲಕ ಮುಂದೆ ಎಷ್ಟು ಗಾಳಿ ಬಿಟ್ಟರೂ ಹಿಂದಿನ ಬೋಗಿಗಳ ಪಾಲಿಗೆ ಎಲ್ಲವೂ ಸರಿಯಾಗಿದೆ. 1988ರ ಜೂನ್ 27ರಂದು ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಲ್ಲಿ ನಿಂತ ರೈಲಿಗೆ ಇನ್ನೊಂದು ರೈಲು ನುಗ್ಗಿ 56 ಮಂದಿ ಸತ್ತಾಗ ಆದದ್ದು ಇಂಥದ್ದು. ದಾರಿಯಲ್ಲಿ ಯಾರೋ ಎಳೆದ ಅಪಾಯದ ಹಿಡಿಕೆಯನ್ನು ಸರಿಪಡಿಸುವಾಗ ಚಾಲಕನ ಕೈಯಿಂದ ಬ್ರೇಕ್ ಪೈಪಿನ ಕಾಕ್ ಮುಚ್ಚಿಹೋಗಿತ್ತು. ಎಂಜಿನ್ನಿನ ಗಾಳಿ ಅದರಾಚೆಗೆ ತಲಪದೆ ಹಿಂದಿನ ಬೋಗಿಗಳ ಬ್ರೇಕು ಬಿಡದಿದ್ದುದನ್ನು ಕಂಡು, ಗಾಳಿ ಎಲ್ಲೋ ಕಟ್ಟಿಕೊಂಡಿದೆಯೆಂದು ತಿಳಿದು, ಒಂದೊಂದೇ ಬೋಗಿಯ ಗಾಳಿಯನ್ನು ಕೈಯಾರೆ ತೆಗೆದು ಬ್ರೇಕು ಬಿಡಿಸಿದರು. ತಾನೇ ಹಿಡಿದು ನಿಂತಿದ್ದ ಬ್ರೇಕು ಹೇಳುತ್ತಿದ್ದುದನ್ನು ದೋಷವೆಂದು ಓದಲಾಯಿತು.

ಬೋಗಿಗಳನ್ನು ಜೋಡಿಸಿದ ಮೇಲೆ, ಹೊರಡುವ ಮುನ್ನ, ಬ್ರೇಕ್ ಪೈಪಿನ ಪರೀಕ್ಷೆ ನಡೆಯುವುದು ಈ ಕಾರಣಕ್ಕೆ. ಎಂಜಿನ್ನಿನ ಮಾಪಕ ಪೂರ್ತಿ ಒತ್ತಡ ತೋರಿಸಿದರೆ ಸಾಲದು, ಏಕೆಂದರೆ ಮುಚ್ಚಿದ ಕಾಕಿನ ಈಚೆಗೂ ಅದು ಪೂರ್ತಿಯೇ ತೋರಿಸುತ್ತದೆ. ಚಾಲಕ ಪೈಪಿನಿಂದ ಗಾಳಿ ಇಳಿಸುತ್ತಾನೆ. ಕೊನೆಯ ಬೋಗಿಯ ಬಳಿ ನಿಂತವರು ಅಲ್ಲಿಯೂ ಒತ್ತಡ ಇಳಿಯಿತೆ, ಬ್ರೇಕ್ ಬ್ಲಾಕು ಗಾಲಿಗೆ ಒತ್ತಿಕೊಂಡಿತೆ ಎಂದು ನೋಡುತ್ತಾರೆ. ಮತ್ತೆ ಗಾಳಿ ತುಂಬಿಸಿ, ಬ್ಲಾಕು ಗಾಲಿಯಿಂದ ಸರಿದದ್ದನ್ನು ಕಂಡ ಮೇಲೆಯೇ ಗಾಡಿ ಹೊರಡಲು ಸಿದ್ಧವೆಂದು ಹೇಳುತ್ತಾರೆ.